ಶಾಲಾ ಲೆವಿಗೆ ಮತ ಹಾಕುವ ಮೊದಲು: ವೋಟರ್ಸ್ ಪ್ಯಾಂಫ್ಲೆಟ್ ಎಷ್ಟು ಉಪಯುಕ್ತ?

ವಾಷಿಂಗ್ಟನ್ ರಾಜ್ಯದಲ್ಲಿ ಸ್ಕೂಲ್ ಡಿಸ್ಟ್ರಿಕ್ಟಿಗೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಲೆವಿ, ಅಂದರೆ ಸ್ಥಳೀಯ ಆಸ್ತಿ ತೆರಿಗೆ ಬೇಕೆಂದರೆ ಮತದಾರರನ್ನೇ ಕೇಳಬೇಕು. ಪ್ರಾಥಮಿಕ ಶಾಲೆಯ ನರ್ಸ್, ಕೌನ್ಸಿಲರ್ ಇಂಥವರ ಸಂಬಳಕ್ಕೆ ರಾಜ್ಯದ ಹಣ ಸಾಲದೆ ಎಷ್ಟೋ ಕಡೆ ಲೆವಿಯೇ ಆಧಾರ. ಹಾಗಾಗಿ ಚುನಾವಣೆಗೆ ಮುಂಚೆ ಕೌಂಟಿ (ಜಿಲ್ಲಾಡಳಿತ) ಉಚಿತವಾಗಿ ಕೊಡುವ ವೋಟರ್ಸ್ ಪ್ಯಾಂಫ್ಲೆಟ್ ಎಂಬ ಈ ಮತದಾರರ ಪುಸ್ತಿಕೆಯನ್ನು ಬದಿಗಿಡಬೇಡಿ. ಪ್ರಚಾರದ ಕರಪತ್ರಗಳಿಗಿಂತ ಇದು ಎಷ್ಟೋ ಮೇಲು.

ಮೊದಲು ನೋಡಬೇಕಾದ್ದು ಲೆವಿಯ ಪಟ್ಟಿ. ವಸೂಲಿಯ ವರ್ಷ, ಆಸ್ತಿಯ ಪ್ರತಿ 1,000 ಡಾಲರ್ ಮೌಲ್ಯಕ್ಕೆ ಅಂದಾಜು ದರ, ಒಟ್ಟು ಮೊತ್ತ ಅಲ್ಲಿರುತ್ತವೆ. ಎಲ್ಲರ ಕಣ್ಣೂ ದರದ ಮೇಲೆ ಬೀಳುತ್ತದೆ, ಎಡವುವುದೂ ಅಲ್ಲೇ. ಮತದಾರರು ಒಪ್ಪಿಗೆ ಕೊಡುವುದು ಮೊತ್ತಕ್ಕೆ; ದರ ಬರೀ ಅಂದಾಜು. ಡಿಸ್ಟ್ರಿಕ್ಟಿನ ಆಸ್ತಿಗಳ ಮೌಲ್ಯ ಒಟ್ಟಾರೆ ಏರಿದರೆ ದರ ಇಳಿಯುತ್ತದೆಯೇ ಹೊರತು ಶಾಲೆಗೆ ಹೆಚ್ಚು ಹಣ ಸೇರುವುದಿಲ್ಲ. ನಿಮ್ಮ ಪಾಲಿನ ಲೆಕ್ಕ ಸುಲಭ: ಅಸೆಸರ್ (ತೆರಿಗೆಗಾಗಿ ಆಸ್ತಿಯ ಮೌಲ್ಯ ನಿಗದಿ ಮಾಡುವ ಕೌಂಟಿ ಅಧಿಕಾರಿ) ಕಳಿಸುವ ನೋಟಿಸಿನಲ್ಲಿ ಮನೆಯ ಮೌಲ್ಯ 8 ಲಕ್ಷ ಡಾಲರ್, ದರ 1.50 ಇದ್ದರೆ 800 × 1.50, ಅಂದರೆ ವರ್ಷಕ್ಕೆ 1,200 ಡಾಲರ್. ರಿಯಲ್ ಎಸ್ಟೇಟ್ ಜಾಲತಾಣ ತೋರಿಸುವ ಬೆಲೆ ಹಿಡಿದು ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ದೊಡ್ಡ ಕೊರತೆಯೂ ಈ ಪಟ್ಟಿಯದ್ದೇ. ಮುಗಿಯುತ್ತಿರುವ ಹಳೆಯ ಲೆವಿಯ ದರ ಅದರಲ್ಲಿ ಇರುವುದಿಲ್ಲ. ಹಳೆಯದರ ಬದಲಿಗೆ ಬಂದ ಲೆವಿಯಾದರೆ ಆ 1,200ರಲ್ಲಿ ಬಹುಪಾಲು ನೀವು ಈಗಾಗಲೇ ಕಟ್ಟುತ್ತಿರುವುದೇ ಆಗಿರಬಹುದು. ಹಳೆಯ ತೆರಿಗೆ ಬಿಲ್ ಪಕ್ಕದಲ್ಲಿಟ್ಟುಕೊಂಡು ವ್ಯತ್ಯಾಸ ನೋಡಿ. ಇದನ್ನು ಪುಸ್ತಿಕೆಯೇ ತೋರಿಸಬೇಕಿತ್ತು.

ಪರ-ವಿರೋಧ ಹೇಳಿಕೆಗಳು ಚುಟುಕಾಗಿವೆ, ಓದಬಹುದು. ಆದರೆ ಅವುಗಳಲ್ಲಿನ ಅಂಕಿಗಳನ್ನು ಕೌಂಟಿ ಪರಿಶೀಲಿಸಿರುವುದಿಲ್ಲ.

ಲೆವಿಯೋ ಬಾಂಡೋ ಎಂಬುದನ್ನೂ ಗಮನಿಸಿ. ಲೆವಿಗೆ 2007ರ ತಿದ್ದುಪಡಿಯಿಂದೀಚೆಗೆ ಸರಳ ಬಹುಮತ ಸಾಕು. ಕಟ್ಟಡಕ್ಕೆ ಸಾಲ ಎತ್ತುವ ಬಾಂಡ್‌ಗೆ ಶೇ 60 ಒಪ್ಪಿಗೆ ಬೇಕು, ಜೊತೆಗೆ ಬಿದ್ದ ಮತಗಳು ಹಿಂದಿನ ಸಾರ್ವತ್ರಿಕ ಚುನಾವಣೆಯ ಶೇ 40ರಷ್ಟಾದರೂ ಇರಬೇಕು. ಫೆಬ್ರವರಿಯ ವಿಶೇಷ ಚುನಾವಣೆಯಲ್ಲಿ ಜನ ಆಸಕ್ತಿ ತೋರದಿದ್ದರೆ ಬಹುಮತ ಸಿಕ್ಕರೂ ಬಾಂಡ್ ಬಿದ್ದುಹೋಗಬಹುದು.

ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಓದಿದ ಮೇಲೆ ಅಂಚೆಯಲ್ಲಿ ಬರುವ ಮತಪತ್ರದ ಹೊರ ಲಕೋಟೆಗೆ ದಾಖಲೆಯಲ್ಲಿರುವಂತೆಯೇ ಸಹಿ ಹಾಕಿ; ಸಹಿ ಹೊಂದದೆ ತಿರಸ್ಕೃತವಾಗುವ ಮತಗಳು ಪ್ರತಿ ಸಲವೂ ಇರುತ್ತವೆ. ಅಂಚೆಚೀಟಿ ಬೇಕಿಲ್ಲ. ಕೊನೆಯ ದಿನವಾದರೆ ಅಂಚೆಗೆ ಹಾಕಬೇಡಿ, ಮುದ್ರೆ ಮರುದಿನದ್ದಾದರೆ ಮತ ಎಣಿಕೆಗೆ ಬರುವುದಿಲ್ಲ. ರಾತ್ರಿ 8ರೊಳಗೆ ಮತಪತ್ರಕ್ಕೆಂದೇ ಇಟ್ಟಿರುವ ಕೌಂಟಿಯ ಡ್ರಾಪ್ ಬಾಕ್ಸಿಗೆ ಹಾಕಿ.