ದೋಣಿಯ ತಳಕ್ಕೆ ಯಾವ ಫೋಮ್? ನಾಲ್ಕು ಪಟ್ಟಿ ಮಾಡಿ ನೋಡಿದೆ

ಕುಣಿಗಲ್ ಕಡೆಯ ನಮ್ಮೂರ ಕೆರೆಗೆ ಹನ್ನೆರಡು ಅಡಿಯ ಹುಟ್ಟು ಹಾಕುವ ದೋಣಿ ಕಟ್ಟುತ್ತಿದ್ದೇನೆ. ತುಮಕೂರಿನ ಶೆಡ್ಡಿನಿಂದ ಗೂಡ್ಸ್ ಆಟೋದಲ್ಲಿ ಹೋಗಬೇಕು, ಇಬ್ಬರೇ ಎತ್ತಿ ಇಳಿಸಬೇಕು. ಬರೀ ಫೈಬರ್ (ರೆಸಿನ್ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ನೆನೆಸಿದ ಗಾಜಿನ ಬಟ್ಟೆ) ಆದರೆ ಭಾರ ಜಾಸ್ತಿ. ತೆಳ್ಳಗೆ ಮಾಡಿದರೆ ಕಾಲಿಟ್ಟಲ್ಲೆಲ್ಲ ತಳ ಬಳುಕುತ್ತದೆ. ಅದಕ್ಕೇ ನಡುವೆ ಫೋಮ್ ಇಟ್ಟು ಎರಡೂ ಕಡೆ ಫೈಬರ್ ಹೊದಿಸುವುದು ಅಂತ ತೀರ್ಮಾನಿಸಿದೆ.

ಯಾವ ಫೋಮ್ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಸುಮ್ನೆ ನಾನೇ ನಾಲ್ಕು ಬಗೆಯ ಫೋಮಿನಿಂದ ಒಂದೊಂದು ಮಾದರಿ ಪಟ್ಟಿ ಮಾಡಿದೆ. ಎಲ್ಲವೂ ಎರಡಡಿ ಉದ್ದ, ಅರ್ಧ ಅಡಿ ಅಗಲ, 10 ಮಿ.ಮೀ. ಫೋಮ್, ಒಂದೇ ಗಾಜಿನ ಬಟ್ಟೆ, ಒಂದೇ ಎಪಾಕ್ಸಿ ರೆಸಿನ್. ವಾರ ಬಿಟ್ಟು ಎರಡು ಇಟ್ಟಿಗೆ ಮೇಲಿಟ್ಟು ಹತ್ತಿ ನಿಂತೆ, ಆಮೇಲೆ ಉಳಿ ಹಾಕಿ ಫೈಬರ್ ಪದರ ಎಬ್ಬಿಸಿ ನೋಡಿದೆ.

ತಾರಸಿಗೆ ಹಾಕುವ ಗಟ್ಟಿ ಥರ್ಮಾಕೋಲ್ ಇದೆಯಲ್ಲ, ಎಕ್ಸ್‌ಪಿಎಸ್, ಅದು ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಒಂದು ಚೂರಿಗೆ ಟ್ಯಾಂಕ್ ರಿಪೇರಿಯ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಹಚ್ಚಿದೆ. ಕಣ್ಣೆದುರೇ ಕುಸಿದು ಅಂಟಂಟು ಗುಂಡಿಯಾಯ್ತು. ಆ ರೆಸಿನ್ನಿನಲ್ಲಿರುವ ಸ್ಟೈರೀನ್ ಅನ್ನುವ ದ್ರಾವಕ ಅದನ್ನು ಕರಗಿಸಿಬಿಡುತ್ತದೆ. ಎಪಾಕ್ಸಿ ಕರಗಿಸಲಿಲ್ಲ, ನಿಜ. ಆದರೆ ಉಳಿ ಹಾಕಿದ ತಕ್ಷಣ ಪದರ ಬಾಳೆಹಣ್ಣಿನ ಸಿಪ್ಪೆಯಂತೆ ಪೂರ್ತಿ ಬಂತು, ಕೆಳಗೆ ಫೋಮ್ ನುಣ್ಣಗೆ ಹಾಗೇ ಇತ್ತು. ಅಂದರೆ ಅಂಟೇ ಹಿಡಿದಿಲ್ಲ ಅಲ್ವಾ?

ಕೋಲ್ಡ್ ಸ್ಟೋರೇಜ್ ಗೋಡೆಯ ಹಳದಿ ಪಿಯು (ಪಾಲಿಯುರೆಥೇನ್) ಫೋಮ್‌ಗೆ ಯಾವ ರೆಸಿನ್ ಆದರೂ ನಡೆಯುತ್ತದೆ. ಆದರೆ ಬೆರಳಲ್ಲಿ ಉಜ್ಜಿದರೆ ರವೆಯಂತೆ ಉದುರುತ್ತದೆ. ತಳಕ್ಕೆ ಬೀಳುವ ಸಣ್ಣ ಸಣ್ಣ ಏಟಿಗೆ ಒಳಗೊಳಗೇ ಪುಡಿಯಾಗಿ ಪದರ ಬೇರೆಯಾಗುತ್ತದೆ. ಸೀಟಿನ ಕೆಳಗೆ ತೇಲಲು ತುಂಬಿಸಿ, ತಳಕ್ಕೆ ಬೇಡ.

ನಿಜವಾದ ಪೈಪೋಟಿ ಇದ್ದದ್ದು ಪಿವಿಸಿಗೂ ಪಿಇಟಿಗೂ.

ಪಿವಿಸಿ, ಘನ ಮೀಟರಿಗೆ 80 ಕಿಲೋದ್ದು ತಂದೆ. ನಿಂತಾಗ ಸ್ವಲ್ಪ ಬಾಗಿ ಹಾಗೇ ವಾಪಸ್ ಬಂತು. ಪದರ ಎಬ್ಬಿಸಲು ಬೆವರಿಳಿಯಿತು, ಬಂದಾಗ ಫೋಮನ್ನೇ ಕಿತ್ತುಕೊಂಡು ಬಂತು. ನನಗೆ ಬೇಕಾಗಿದ್ದು ಇದೇ. ತಳದ ಮೇಲೆ ಭಾರ ಬಿದ್ದಾಗ ಮೇಲಿನ ಪದರ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಜಾರಲು ನೋಡುತ್ತವೆ, ಅವನ್ನು ಹಿಡಿದಿಡುವುದೇ ಫೋಮಿನ ಕೆಲಸ. ಪಿವಿಸಿಯ ದೌರ್ಬಲ್ಯ ಬಿಸಿಲು. ಅರ್ಧ ಪಟ್ಟಿಗೆ ಕಪ್ಪು ಬಣ್ಣ ಬಳಿದು ಏಪ್ರಿಲ್‌ನಲ್ಲಿ ತಾರಸಿ ಮೇಲಿಟ್ಟೆ. ಮಧ್ಯಾಹ್ನ ಆ ಅರ್ಧ ಮುಟ್ಟಲಾಗದಷ್ಟು ಕಾದು, ಒತ್ತಿದರೆ ಮೆತ್ತಗಾಗಿತ್ತು. ಬಿಳಿ ಭಾಗಕ್ಕೆ ಏನೂ ಆಗಿರಲಿಲ್ಲ.

ಪಿಇಟಿ ನೀರಿನ ಬಾಟಲಿಯ ಅದೇ ಪ್ಲಾಸ್ಟಿಕ್. ಬಿಸಿ ಚೆನ್ನಾಗಿ ತಡೆಯುತ್ತದೆ, ನನಗೆ ಪಿವಿಸಿಗಿಂತ ಕಡಿಮೆಗೂ ಸಿಕ್ಕಿತು. ಆದರೆ ಅಷ್ಟೇ ಬಲಕ್ಕೆ ಹೆಚ್ಚು ಸಾಂದ್ರತೆಯದ್ದು ಬೇಕು, ಹಾಗಾಗಿ 100 ಕಿಲೋದ್ದು ತಂದಿದ್ದೆ. ಆ ಲೆಕ್ಕದಲ್ಲಿ ಪಟ್ಟಿ ಸುಮಾರು 20 ಗ್ರಾಂ ಹೆಚ್ಚು ತೂಗಬೇಕಿತ್ತು, ತಕ್ಕಡಿಯಲ್ಲಿ 50 ಗ್ರಾಂ ಹೆಚ್ಚು ಬಂತು. ಉಳಿದದ್ದೆಲ್ಲ ಅದು ಕುಡಿದ ರೆಸಿನ್. ಇಡೀ ದೋಣಿಗೆ ಲೆಕ್ಕ ಹಾಕಿದರೆ ಉಳಿಸಿದ ದುಡ್ಡು ರೆಸಿನ್ನಿಗೇ ಹೋಗುತ್ತದೆ, ಎತ್ತುವಾಗ ಭಾರವೂ ಜಾಸ್ತಿ.

ಹಾಗಾಗಿ ತಳ, ಪಕ್ಕಗಳಿಗೆ ಪಿವಿಸಿ, ಹೊರಗೆ ಬಿಳಿ ಬಣ್ಣ. ಹಿಂಬದಿಯ ಹಲಗೆಗೆ ಮಾತ್ರ ಪಿಇಟಿ. ಬೋಲ್ಟ್ ಬರುವ ಕಡೆ ಎರಡನ್ನೂ ಕತ್ತರಿಸಿ ತೆಗೆದು ಮರೈನ್ ಪ್ಲೈವುಡ್ ಕೂರಿಸಿದ್ದೇನೆ, ಯಾಕೆಂದರೆ ಬೋಲ್ಟ್ ಬಿಗಿ ಮಾಡಿದರೆ ಇಂಥ ಹಗುರ ಫೋಮ್ ಅಪ್ಪಚ್ಚಿಯಾಗುತ್ತದೆ.

ಮೊನ್ನೆ ತಳದ ಒಳಪದರ ಮುಗಿಯಿತು. ಒಂದು ರೂಪಾಯಿ ನಾಣ್ಯ ಹಿಡಿದು ಇಡೀ ತಳವನ್ನು ಗೇಣು ಗೇಣಾಗಿ ತಟ್ಟುತ್ತಾ ಹೋದೆ. ಎಲ್ಲಾ ಕಡೆ ಟಕ್ ಟಕ್, ಎರಡು ಕಡೆ ಮಾತ್ರ ಡಬ್ ಅಂತು. ಕೆಳಗೆ ಗಾಳಿ ಉಳಿದಿತ್ತು. ಸಣ್ಣ ತೂತು ಕೊರೆದು ಸಿರಿಂಜಿನಿಂದ ಎಪಾಕ್ಸಿ ತುಂಬಿಸಿದ್ದೇನೆ. ನಾಳೆ ಮತ್ತೆ ತಟ್ಟಿ ನೋಡಬೇಕು.