ಹಳೆಯ ಸರ್ಕ್ಲಿಪ್ ಮತ್ತೆ ಹಾಕಬೇಡಿ: ಮನೆಯಲ್ಲೇ ಗೇರ್‌ಬಾಕ್ಸ್ ಬಿಚ್ಚಿದ ನನ್ನ ಅನುಭವ

ಹಳೆಯ ಬೈಕಿನ ಗೇರ್‌ಬಾಕ್ಸನ್ನು ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಿಚ್ಚಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನಾನು ಮಾಡಿದ ಹಾಗೆ ಮಾಡಬೇಡಿ, ಅಷ್ಟೇ. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್‌ನಲ್ಲಿ ಇದ್ದೆ. ಅದಕ್ಕೆ ಕಾರಣ ಬೆರಳಿನ ಉಂಗುರದಷ್ಟು ದೊಡ್ಡದಾದ, ಒಂದು ಕಡೆ ಬಾಯಿ ತೆರೆದ ಒಂದು ಕ್ಲಿಪ್. ಅದಕ್ಕೇ ಸರ್ಕ್ಲಿಪ್ ಅನ್ನುವುದು.

ನನ್ನದು 22 ವರ್ಷ ಹಳೆಯ ಸಿಂಗಲ್ ಸಿಲಿಂಡರ್ ಬೈಕು, ಐದು ಗೇರ್. ಎರಡನೇ ಗೇರ್ ನಿಲ್ಲುತ್ತಿರಲಿಲ್ಲ. ಏರಿನಲ್ಲಿ ಸ್ವಲ್ಪ ಜಾಸ್ತಿ ಥ್ರಾಟಲ್ ಕೊಟ್ಟರೆ ಸಾಕು, ಕಟಕ್ ಅಂತ ಬಿಟ್ಟುಕೊಳ್ಳುತ್ತಿತ್ತು. ಎಂಜಿನ್ ಸುಮ್ನೆ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಲಿವರನ್ನು ಕಾಲಲ್ಲೇ ತಡೆದು ಹಿಡಿದುಕೊಂಡು ಹೆಚ್ಚುಕಡಿಮೆ ಒಂದು ವರ್ಷ ಓಡಿಸಿದೆ. ಮೊದಲ ತಪ್ಪು ಅದೇ. ಹಾಗೆ ಹಿಡಿದಾಗ ಒಳಗೆ ಗೇರನ್ನು ಪಕ್ಕಕ್ಕೆ ಸರಿಸುವ ಕವಲು, ಅಂದರೆ ಶಿಫ್ಟ್ ಫೋರ್ಕ್, ತಿರುಗುತ್ತಿರುವ ಗೇರಿಗೆ ಒತ್ತಿಕೊಂಡೇ ಇರುತ್ತದೆ. ಉಜ್ಜಿ ಉಜ್ಜಿ ಬಿಸಿಯಾಗುತ್ತದೆ, ಸವೆಯುತ್ತದೆ, ಬಾಗಲೂಬಹುದು. ಬಿಚ್ಚಿದಾಗ ನನ್ನ ಫೋರ್ಕಿನ ಒಂದು ತುದಿ ನೀಲಿ ತಿರುಗಿತ್ತು. ಬಣ್ಣ ಹೋಗಿದೆ ಅಂದುಕೊಂಡು ಒರೆಸಿ ಇಟ್ಟೆ. ಉಕ್ಕು ಕಾದರೆ ಬರುವ ಬಣ್ಣ ಅದು ಅಂತ ಆಗ ಗೊತ್ತಿರಲಿಲ್ಲ.

ಬಿಚ್ಚುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಂಜಿನ್ ಕೇಸ್ ಬಿಡದೇ ಇದ್ದಾಗ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಎರಡು ಕೇಸ್ ಕೂಡುವ ಮುಖದ ಮೇಲೆ ಗೀರು ಬಿತ್ತು. ಅಲ್ಲಿಂದ ಆಯಿಲ್ ಒಸರುವುದು ಇವತ್ತಿಗೂ ಪೂರ್ತಿ ನಿಂತಿಲ್ಲ. ಕೇಸ್ ಬಿಡುತ್ತಿಲ್ಲ ಅಂದರೆ ಎಲ್ಲೋ ಒಂದು ಬೋಲ್ಟ್ ಉಳಿದಿರುತ್ತದೆ, ಇಲ್ಲವೇ ಎಳೆದು ಬಿಡಿಸುವ ಪುಲ್ಲರ್ ಬೇಕಾಗಿರುತ್ತದೆ. ಮೀಟಬೇಡಿ.

ಕೇಸ್ ತೆರೆದ ಮೇಲೆ ಗೇರುಗಳ ಹಲ್ಲು ನೋಡಿದೆ. ಹೊಸದರ ಹಾಗೆ ಇದ್ದವು. ಅಲ್ಲೇ ಗೊಂದಲವಾಯಿತು. ಇಂಥ ಬೈಕುಗಳಲ್ಲಿ ಎಲ್ಲಾ ಗೇರುಗಳ ಹಲ್ಲೂ ಸದಾ ಕಾಲ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ಗೇರ್ ಬೀಳುವುದು ಹಲ್ಲಿನಿಂದ ಅಲ್ಲ. ಗೇರಿನ ಪಕ್ಕದ ಮುಖದಲ್ಲಿ ಎದ್ದು ನಿಂತ ದಪ್ಪ ಉಬ್ಬುಗಳಿರುತ್ತವೆ, ಡಾಗ್ ಅನ್ನುತ್ತಾರೆ. ಫೋರ್ಕ್ ಒಂದು ಗೇರನ್ನು ಪಕ್ಕಕ್ಕೆ ಸರಿಸಿದಾಗ ಅದರ ಡಾಗ್ ಪಕ್ಕದ ಗೇರಿನ ಡಾಗ್‌ಗೋ ಕಿಂಡಿಗೋ ಸಿಕ್ಕಿಕೊಳ್ಳುತ್ತದೆ. ಆಗ ಮಾತ್ರ ಆ ಗೇರಿನಿಂದ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಆ ಡಾಗ್‌ಗಳ ಮೂಲೆ ಚೌಕವಾಗಿ, ಚೂಪಾಗಿ ಇರಬೇಕು. ನನ್ನವು ಸೋಪಿನ ತುಂಡಿನ ಹಾಗೆ ಗುಂಡಗಾಗಿದ್ದವು. ಥ್ರಾಟಲ್ ಕೊಟ್ಟಾಗ ಜಾರದೆ ಇನ್ನೇನಾಗುತ್ತದೆ?

ಎರಡನೇ ಗೇರ್ ಒಂದನ್ನು ಮಾತ್ರ ಹೊಸದು ತಂದೆ. ಅದರ ಜೊತೆ ಸಿಕ್ಕಿಕೊಳ್ಳುವ ಜಾರುವ ಗೇರನ್ನು ಉಳಿಸಿಕೊಂಡೆ. ಅದರ ಡಾಗ್‌ಗಳನ್ನು ಗ್ರೈಂಡರ್‌ನಲ್ಲಿ ಉಜ್ಜಿ ಚೌಕ ಮಾಡಿದೆ. ನೋಡಲು ಚೆನ್ನಾಗಿಯೇ ಬಂತು. ಆದರೆ ಗೇರಿನ ಉಕ್ಕು ಮೇಲ್ಪದರದಲ್ಲಿ ಮಾತ್ರ ತುಂಬಾ ಗಟ್ಟಿ. ಆ ಪದರ ತೆಳು, ಒಳಗೆ ಮೆತ್ತಗಿನ ಲೋಹ. ಗಟ್ಟಿ ಪದರವನ್ನೇ ನಾನು ಉಜ್ಜಿ ತೆಗೆದಿದ್ದೆ. 200 ಕಿ.ಮೀ. ಓಡುವಷ್ಟರಲ್ಲಿ ಎರಡನೇ ಗೇರ್ ಮತ್ತೆ ಬಿಟ್ಟುಕೊಳ್ಳಲು ಶುರುವಾಯಿತು. ಎರಡೂ ಗೇರುಗಳನ್ನು ಒಟ್ಟಿಗೆ ಬದಲಾಯಿಸಬೇಕಿತ್ತು. ಫೋರ್ಕನ್ನೂ ಅಳೆಯಬೇಕಿತ್ತು. ನನ್ನ ಬೈಕಿನ ಸರ್ವಿಸ್ ಮ್ಯಾನುಯಲ್ ಪ್ರಕಾರ ಫೋರ್ಕಿನ ತುದಿ 4.7 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಬದಲಾಯಿಸಬೇಕು. ನನ್ನದು 4.5 ಇತ್ತು. ಅಳೆದದ್ದು ನಾನು ಬೈಕಿನಿಂದ ಬಿದ್ದ ಮೇಲೆ.

ಇಷ್ಟರಿಂದ ನಾನು ಬೀಳುತ್ತಿರಲಿಲ್ಲ. ಬೀಳಿಸಿದ್ದು ಸರ್ಕ್ಲಿಪ್.

ಶಾಫ್ಟ್ ಮೇಲೆ ಗೇರುಗಳು ಅತ್ತಿತ್ತ ಸರಿಯದಂತೆ ಹಿಡಿದಿಡುವುದು ಈ ಕ್ಲಿಪ್‌ಗಳೇ. ತೆಗೆಯಲು ಸರ್ಕ್ಲಿಪ್ ಪ್ಲೈಯರ್ ಅಂತಲೇ ಬರುತ್ತದೆ. ನನ್ನ ಹತ್ತಿರ ಇರಲಿಲ್ಲ. ಎರಡು ಸಣ್ಣ ಸ್ಕ್ರೂಡ್ರೈವರ್‌ನಿಂದ ಬಾಯಿ ಅಗಲಿಸಿ ತೆಗೆದೆ. ಬೇಕಾದ್ದಕ್ಕಿಂತ ಜಾಸ್ತಿ ಅಗಲಿಸಿದೆ. ಮತ್ತೆ ಹಾಕುವಾಗ ಶಾಫ್ಟಿನ ಸುತ್ತ ಕೊರೆದ ಗ್ರೂವ್‌ನಲ್ಲಿ ಕೂತಿತು, ಆದರೆ ಉಗುರಿನಿಂದ ತಳ್ಳಿದರೆ ಲೊಡಲೊಡ ಅಂತ ಅಲ್ಲಾಡುತ್ತಿತ್ತು. ಹೊಸ ಕ್ಲಿಪ್ ಹಾಗೆ ಅಲ್ಲಾಡುವುದಿಲ್ಲ, ಕಚ್ಚಿ ಹಿಡಿದುಕೊಳ್ಳುತ್ತದೆ. ಹಳೆಯದು ತೆಗೆದರೆ ಹೊಸದೇ ಹಾಕಬೇಕು ಅಂತ ಮ್ಯಾನುಯಲ್‌ನಲ್ಲಿ ಬರೆದಿತ್ತು. ಪಾರ್ಟ್ಸ್ ಮಾರುವವರು ಹೀಗೇ ಹೇಳುತ್ತಾರೆ ಬಿಡು ಅಂದುಕೊಂಡೆ. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕ್ಲಿಪ್‌ಗೂ ಹಿಂದೆ ಮುಂದೆ ಇದೆ. ಒಂದನ್ನು ಕೈಯಲ್ಲಿ ಹಿಡಿದು ಅಂಚಿನ ಮೇಲೆ ಬೆರಳು ಆಡಿಸಿ. ತಗಡಿನಿಂದ ಒತ್ತಿ ಕತ್ತರಿಸಿದ ಕ್ಲಿಪ್ ಆದ್ದರಿಂದ ಒಂದು ಮುಖದ ಅಂಚು ನುಣ್ಣಗೆ ಗುಂಡಗಿರುತ್ತದೆ, ಇನ್ನೊಂದು ಮುಖದ ಅಂಚು ಚೂಪಾಗಿ ಬೆರಳಿಗೆ ತಾಗುತ್ತದೆ. ಗೇರ್ ತಳ್ಳುವ ಕಡೆಗೆ ಗುಂಡಗಿನ ಮುಖ ಬರಬೇಕು. ಚೂಪು ಅಂಚು ಅದರ ವಿರುದ್ಧ ದಿಕ್ಕಿಗೆ, ಗ್ರೂವ್‌ನ ಗೋಡೆಗೆ ಆನಿಕೊಂಡು ನಿಲ್ಲಬೇಕು. ಉಲ್ಟಾ ಹಾಕಿದರೆ ಗುಂಡಗಿನ ಅಂಚು ಗೋಡೆ ಹತ್ತಿ ಹೊರಗೆ ಜಾರುವ ಸಾಧ್ಯತೆ ಹೆಚ್ಚು. ಮೂರನೇ ಗೇರಿನ ಪಕ್ಕದ ಕ್ಲಿಪ್ಪನ್ನು ನಾನು ಉಲ್ಟಾ ಹಾಕಿದ್ದೆ. ಅದೂ ಬಾಯಿ ಅಗಲಿಸಿದ ಕ್ಲಿಪ್ಪನ್ನೇ.

ಎಚ್ಚರಿಕೆ ಸಿಗಲಿಲ್ಲ ಅಂತ ಹೇಳುವ ಹಾಗಿಲ್ಲ. 300 ಕಿ.ಮೀ. ಆದಾಗ ಆಯಿಲ್ ಬದಲಾಯಿಸಿದೆ. ಬಾಣಲಿಯ ತಳದಲ್ಲಿ, ಕಪ್ಪು ಆಯಿಲ್‌ನ ಕೆಳಗೆ, ಏನೋ ಮಿನುಗಿತು. ಬೆರಳಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದೆ. ಕತ್ತರಿಸಿ ಬಿಸಾಡಿದ ಉಗುರಿನ ಚೂರಿನಷ್ಟೇ ಇತ್ತು. ಹಾಗೇ ಬಾಗಿತ್ತು. ಒಂದು ತುದಿ ಹೊಸದಾಗಿ ಮುರಿದ ಹಾಗೆ ಬೂದು ಬಣ್ಣ, ಉಳಿದದ್ದು ಹೊಳಪು. ಸವೆತದ ಪುಡಿ ಹಿಟ್ಟಿನ ಹಾಗೆ ಇರುತ್ತದೆ, ಆಕಾರ ಇರುವುದಿಲ್ಲ. ಆಕಾರ ಇರುವ ಚೂರು ಸಿಕ್ಕಿತು ಅಂದರೆ ಒಳಗೆ ಏನೋ ಮುರಿದಿದೆ. ಕೇಸ್ ಮುಚ್ಚುವಾಗ ಬಿದ್ದ ಕಸ ಇರಬೇಕು ಅಂದುಕೊಂಡು ಬಟ್ಟೆಗೆ ಒರೆಸಿದೆ. ಹೊಸ ಆಯಿಲ್ ಹಾಕಿ ಓಡಿಸಿದೆ.

ಅದಾಗಿ ಸುಮಾರು ಎರಡು ವಾರಕ್ಕೆ ಒಂದು ತಿರುವಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿ ಥ್ರಾಟಲ್ ಕೊಟ್ಟೆ. ವೇಗ 30 ಕೂಡ ಇರಲಿಲ್ಲ. ಒಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಂದು ಸದ್ದು. ಹಿಂದಿನ ಚಕ್ರ ನಿಂತೇಹೋಯಿತು. ಕೂಡಲೇ ಕ್ಲಚ್ ಹಿಡಿದೆ. ಏನೂ ಆಗಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಎಂಜಿನ್ ಜಾಮ್ ಆದರೆ ಕ್ಲಚ್ ಹಿಡಿದಾಗ ಚಕ್ರ ಬಿಡುತ್ತದೆ. ಗೇರ್‌ಬಾಕ್ಸ್ ಜಾಮ್ ಆದರೆ ಬಿಡುವುದಿಲ್ಲ. ಯಾಕೆಂದರೆ ಕ್ಲಚ್ ಇರುವುದು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ. ಗೇರ್‌ಬಾಕ್ಸ್‌ಗೂ ಚಕ್ರಕ್ಕೂ ನಡುವೆ ಇರುವುದು ಚೈನ್ ಮಾತ್ರ. ಬೈಕು ಅಡ್ಡಡ್ಡ ಜಾರಿತು, ನಾನು ಕೈ ಊರಿಕೊಂಡು ಬಿದ್ದೆ. ಹಿಂದೆ ಯಾರೂ ಕೂತಿರಲಿಲ್ಲ. ಎದುರಿನಿಂದಲೂ ಯಾವ ಗಾಡಿಯೂ ಬರಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಮತ್ತೆ ಬಿಚ್ಚಿದೆ. ಕ್ಲಿಪ್ ಮೂರು ತುಂಡಾಗಿತ್ತು. ಒಂದು ತುಂಡು ಕೇಸಿನ ತಳದಲ್ಲಿತ್ತು, ಇನ್ನೊಂದು ಎರಡು ಗೇರಿನ ನಡುವೆ ಅಪ್ಪಚ್ಚಿಯಾಗಿತ್ತು. ಮೂರನೆಯದು ನಾನು ಬಟ್ಟೆಗೆ ಒರೆಸಿದ ಚೂರು. ಹಿಡಿತ ತಪ್ಪಿದ ಮೂರನೇ ಗೇರ್ ಶಾಫ್ಟ್ ಮೇಲೆ ಪಕ್ಕಕ್ಕೆ ನಡೆದು ಹೋಗಿ, ಅಲ್ಲಿದ್ದ ಜಾರುವ ಗೇರಿನ ಡಾಗ್‌ಗೆ ಕಚ್ಚಿಕೊಂಡಿತ್ತು. ಎರಡನೇ ಗೇರ್ ಆಗಲೇ ಬಿದ್ದಿತ್ತು. ಒಂದೇ ಶಾಫ್ಟನ್ನು ಎರಡು ಗೇರು ಬೇರೆ ಬೇರೆ ವೇಗದಲ್ಲಿ ತಿರುಗಿಸಲು ಹೋದರೆ ಅದು ತಿರುಗುವುದೇ ಇಲ್ಲ, ಅಲ್ವಾ?

ಎರಡನೇ ಸಲ ಆತುರ ಮಾಡಲಿಲ್ಲ. ಶಾಫ್ಟಿನಿಂದ ತೆಗೆದ ಪ್ರತಿಯೊಂದು ಗೇರು, ವಾಷರ್, ಬುಷ್ (ಗೇರಿನೊಳಗೆ ಕೂರುವ ಕೊಳವೆ) ಅನ್ನು ಅದೇ ಕ್ರಮದಲ್ಲಿ, ಅದೇ ಮುಖದಲ್ಲಿ ಒಂದು ತಂತಿಗೆ ಪೋಣಿಸಿದೆ. ಮೊದಲ ಸಲ ಎಲ್ಲವನ್ನೂ ಒಂದೇ ಬೋಗುಣಿಯಲ್ಲಿ ಹಾಕಿ ತೊಳೆದಿದ್ದೆ. ಬುಷ್‌ನಲ್ಲಿ ಆಯಿಲ್ ತೂತು ಇದ್ದರೆ ಅದು ಶಾಫ್ಟಿನ ತೂತಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಗೇರಿಗೆ ಎಣ್ಣೆ ಸಿಗುವುದಿಲ್ಲ. ಹೊಸ ಕ್ಲಿಪ್‌ಗಳ ಬಾಯಿ ಸ್ಪ್ಲೈನಿನ (ಶಾಫ್ಟಿನ ಉದ್ದಕ್ಕೂ ಇರುವ ತಗ್ಗು ದಿಣ್ಣೆಗಳ) ತಗ್ಗಿನ ನೇರಕ್ಕೆ ಬರುವಂತೆ ಕೂರಿಸಿದೆ. ಆಗ ಎರಡೂ ತುದಿಗೆ ದಿಣ್ಣೆಯ ಆಸರೆ ಸಿಗುತ್ತದೆ.

ಆಮೇಲೆ ಪ್ಯಾಕಿಂಗ್, ಗಮ್ ಏನೂ ಹಾಕದೆ ಕೇಸನ್ನು ನಾಲ್ಕು ಬೋಲ್ಟ್‌ನಿಂದ ಹಾಗೇ ಕೂಡಿಸಿದೆ. ಒಂದು ಕೈಯಲ್ಲಿ ಶಾಫ್ಟ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಗೇರ್ ಹಾಕಿದೆ. ತಿರುಗಿಸದೆ ಗೇರ್ ಹಾಕಲು ಹೋಗಬೇಡಿ, ಡಾಗ್‌ಗಳು ಎದುರಾ ಎದುರು ನಿಂತರೆ ಗೇರ್ ಬೀಳುವುದಿಲ್ಲ. ನ್ಯೂಟ್ರಲ್‌ನಲ್ಲಿ ಎರಡು ಶಾಫ್ಟೂ ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಸಲೀಸಾಗಿ ತಿರುಗಬೇಕು. ನನಗೆ ನಾಲ್ಕನೆಯದು ಬೀಳಲೇ ಇಲ್ಲ. ಬಿಚ್ಚಿ ನೋಡಿದರೆ ಒಂದು ವಾಷರ್ ಗೇರಿನ ಆ ಕಡೆ ಇರಬೇಕಾದದ್ದು ಈ ಕಡೆ ಬಂದಿತ್ತು. ತಂತಿಗೆ ಪೋಣಿಸಿದ್ದರೂ ಹೀಗಾಯಿತು.

ಈಗ ಯಾರಾದರೂ ಕೇಸ್ ತೆರೆದು ಮುಂದೆ ಇಟ್ಟುಕೊಂಡಿದ್ದು, ಕೈಯಲ್ಲಿ ಹಳೆಯ ಕ್ಲಿಪ್ ಇದ್ದರೆ, ಇವತ್ತು ಮುಚ್ಚಬೇಡಿ. ಶಾಫ್ಟಿಗೂ ಬೇರಿಂಗಿಗೂ ತೆಳ್ಳಗೆ ಆಯಿಲ್ ಸವರಿ, ಶುಭ್ರವಾದ ಬಟ್ಟೆ ಮುಚ್ಚಿ ಪಕ್ಕಕ್ಕಿಡಿ. ಹೊಸ ಕ್ಲಿಪ್ ಬಂದ ಮೇಲೆ ಮುಂದುವರಿಸಿ.