ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿಗೆ ಸಿಗುವ ಅಧಿಕಾರ ಎಷ್ಟು?

ಸರ್ಕಾರಿ ಕಚೇರಿಯ ಬೀರು ತೆಗೆಸುವ ಅಧಿಕಾರ 2005ರ ಅಕ್ಟೋಬರ್ 12ರಿಂದ, ಕಾಗದದ ಮೇಲಾದರೂ, ಪ್ರತಿ ನಾಗರಿಕನದು. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡು ಹೆಚ್ಚಿಗೆ ಇವೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಳೆಯ ಸಿಟ್ಟೆಲ್ಲ ತುಂಬಿಸಿ ಬರೆದ ಅರ್ಜಿ ಇಲ್ಲೇ ಬಿದ್ದುಹೋಗುತ್ತದೆ.

ಅದಕ್ಕಿಂತ ದೊಡ್ಡ ಎಡವಟ್ಟು ಪ್ರಶ್ನೆಯದು. 'ನಮ್ಮ ರಸ್ತೆ ಆರೇ ತಿಂಗಳಲ್ಲಿ ಯಾಕೆ ಕಿತ್ತುಹೋಯಿತು?' ಎಂದು ಕೇಳಿದರೆ 'ಮಾಹಿತಿ ಲಭ್ಯವಿಲ್ಲ' ಎಂಬ ಹಿಂಬರಹ ಬರುತ್ತದೆ. ಅದನ್ನು ತಪ್ಪೆನ್ನುವಂತೆಯೂ ಇಲ್ಲ. ಕಾಯ್ದೆಯಡಿ ಸಿಗುವುದು ಇರುವ ದಾಖಲೆ, ಸಮಜಾಯಿಷಿ ಅಲ್ಲ. ಅದೇ ರಸ್ತೆಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲು, ಇವುಗಳ ದೃಢೀಕೃತ ನಕಲು ಕೇಳಿ. ಅಳತೆ ಪುಸ್ತಕದಲ್ಲಿ ಡಾಂಬರು 50 ಮಿ.ಮೀ. ದಪ್ಪ ಎಂದಿದ್ದರೆ, ಕಿತ್ತುಹೋದ ಅಂಚಿಗೆ ಸ್ಕೇಲು ಹಿಡಿಯುವುದಷ್ಟೇ ಬಾಕಿ. ಕಲಂ 2(ಜೆ) ಪ್ರಕಾರ ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಬಳಸುವವರು ಕಡಿಮೆ, ಗುತ್ತಿಗೆದಾರರ ಪುಣ್ಯ!

'ನಿಮಗ್ಯಾಕೆ ಇದು?' ಎಂದು ಕಚೇರಿಯಿಂದ ಫೋನ್ ಬಂದರೆ ಉತ್ತರಿಸಬೇಕಿಲ್ಲ. ಕಲಂ 6(2) ನಿಮ್ಮ ಪರ. ಗಡುವು 30 ದಿನ. ಅದು ಮೀರಿದ ಮೇಲೆ ಪುಟಕ್ಕೆ 2 ರೂಪಾಯಿ ಕಟ್ಟಿ ಎಂದು ಪತ್ರ ಬಂದರೆ ಕಟ್ಟಬೇಡಿ, 7(6)ರಡಿ ಉಚಿತವಾಗಿ ಕೊಡಬೇಕು. ಆದ್ದರಿಂದ ಸ್ವೀಕೃತಿಯ ಮುದ್ರೆ, ದಿನಾಂಕ ಎರಡನ್ನೂ ಜೋಪಾನವಾಗಿಡಿ.

ಇಲ್ಲಿಯವರೆಗೆ ಕಾಯ್ದೆಗೆ ಐದಕ್ಕೆ ನಾಲ್ಕು ಅಂಕ. ಮುಂದಿನದಕ್ಕೆ ಒಂದೂವರೆ ಕೊಟ್ಟರೂ ಧಾರಾಳ. ಮಾಹಿತಿ ಸಿಗದಿದ್ದರೆ ಹಾಕುವ ಮೊದಲ ಮೇಲ್ಮನವಿ ಕೇಳುವವರು ಅದೇ ಇಲಾಖೆಯ ಹಿರಿಯರು. ಕಿರಿಯರು ಬರೆದದ್ದಕ್ಕೆ ರುಜು ಹಾಕಿಬಿಡುವುದೇ ಜಾಸ್ತಿ. ಎರಡನೆಯದಕ್ಕೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬೇಕು. ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡವನ್ನು ಅಧಿಕಾರಿಯ ಮೇಲೇ ಹಾಕುವ ಬಲ ಆಯೋಗಕ್ಕಿದೆ. ಆದರೆ ಸರದಿ ಬರುವಷ್ಟರಲ್ಲಿ ಅಧಿಕಾರಿ ವರ್ಗವಾಗಿರುತ್ತಾರೆ, ರಸ್ತೆಗೆ ಇನ್ನೊಂದು ಪದರ ಬಿದ್ದಿರುತ್ತದೆ. ದಂಡದ ದುಡ್ಡೂ ಅರ್ಜಿದಾರರಿಗೆ ಬರುವುದಿಲ್ಲ. ಪರಿಹಾರ ಬೇಕಿದ್ದರೆ 19(8)(ಬಿ) ಹೆಸರಿಸಿ ಮೇಲ್ಮನವಿಯಲ್ಲೇ ಕೇಳಬೇಕು.

ಹೊಸ ತೊಡಕು, ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8(1)(ಜೆ)ಯದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ, 'ವೈಯಕ್ತಿಕ ಮಾಹಿತಿ' ಎಂಬ ಎರಡೇ ಪದದಲ್ಲಿ ಬಾಗಿಲು ಮುಚ್ಚಲು ದಾರಿ ಮಾಡಿದೆ. ಹೆಸರು, ಸಂಬಳ, ಫಲಾನುಭವಿ ಪಟ್ಟಿ ಕೇಳುವವರು ವಿನಾಯಿತಿ ಇದ್ದರೂ ಮಾಹಿತಿ ಕೊಡಲು ಬಿಡುವ ಕಲಂ 8(2)ರ ಸಾರ್ವಜನಿಕ ಹಿತಾಸಕ್ತಿಯನ್ನು ಅರ್ಜಿಯಲ್ಲೇ ಒಂದು ಸಾಲಿನಲ್ಲಿ ನಮೂದಿಸಿಬಿಡಿ. 150 ಪದದೊಳಗೆ ಅದಕ್ಕೂ ಜಾಗ ಉಳಿಸಿಕೊಳ್ಳಿ.